ಎರಡಿಂಚು ಲೂಸಿಟ್ಟ ಟ್ಯಾಂಕು

ಸಮುದ್ರದಲ್ಲಿರುವ ಮೀನುಗಳೆಲ್ಲ ತಮ್ಮ ನಿತ್ಯಕರ್ಮಗಳನ್ನು ಎಲ್ಲಿ ಮುಗಿಸಿಕೊಳ್ಳುತ್ತವೆ? ಟೈಲರ್ ಮಾಸ್ಟರರು ಈ ಗಹನವಾದ ಪ್ರಶ್ನೆಯನ್ನು ಕೇಳಿದ್ದು ಬಂದರಿನ ಇನ್‌ಸ್ಪೆಕ್ಟರನ್ನು. ಅವನು ಮಾಸ್ಟರರ ಹಾಯಿದೋಣಿಯೊಳಗೆ ಬಗ್ಗಿ ನಿಂತು, ಕಕ್ಕಸಿನಿಂದ ನೇರವಾಗಿ ನೀರಿಗೆ ಹೋಗುವ ಕೊಳವೆಯ ತಿರುಪನ್ನು ಬಿಗಿದು, ಅದಕ್ಕೆ ತಂತಿ ಸುತ್ತಿ, ತಂತಿಗೆ ಸೀಸದ ಮುದ್ರೆ ಒತ್ತುತ್ತಿದ್ದ.

"ಹೋಗಿ ತಿಮಿಂಗಿಲಕ್ಕೆ ಹೇಳಿ ನೋಡೋಣ, ಟ್ಯಾಂಕ್ ಕಟ್ಕೋ ಅಂತ," ಎಂದರು ಮಾಸ್ಟರರು.

"ತಿಮಿಂಗಿಲ ನಮ್ಮ ಬಂದರಲ್ಲಿ ದೋಣಿ ನಿಲ್ಸಿಲ್ಲ ಸಾರ್. ಹೊಸ ನಿಯಮ ಇದು. ದೋಣೀಲಿ ಕಕ್ಕಸಿದ್ರೆ ಅದಕ್ಕೊಂದು ಟ್ಯಾಂಕ್ ಇರ್ಲೇಬೇಕು. ಎಲ್ಲಾ ಅದರೊಳಗೆ ಕೂಡಿಡಿ. ದಡಕ್ಕೆ ಬಂದ್ಮೇಲೆ ನಮ್ಮ ಪಂಪು ಹೀರ್ಕೊಳ್ಳುತ್ತೆ."

"ಕೂಡಿಡೋದಾ? ಜನ ದುಡ್ಡು ಕೂಡಿಡ್ತಾರೆ, ಚಿನ್ನ ಕೂಡಿಡ್ತಾರೆ. ಇದನ್ನ ಯಾರಾದ್ರೂ ಕೂಡಿಡ್ತಾರೇನ್ರೀ?"

"ನಿಯಮ ಸಾರ್," ಎಂದು ಇನ್‌ಸ್ಪೆಕ್ಟರ್ ಕೈ ಒರೆಸಿಕೊಂಡು ಪಕ್ಕದ ದೋಣಿಗೆ ದಾಟಿದ. ಅಲ್ಲಿಯೂ ಯಾರೋ ತಿಮಿಂಗಿಲದ ಹೆಸರೆತ್ತಿದ್ದು ಮಾಸ್ಟರರಿಗೆ ಕೇಳಿಸಿತು.

ಇಲ್ಲಿ ಮಾಸ್ಟರರ ಬಗ್ಗೆ ಎರಡು ಮಾತು ಹೇಳಲೇಬೇಕು. ಊರಿನವರ ಪ್ಯಾಂಟು ಕೋಟುಗಳನ್ನು ಹೊಲಿದೂ ಹೊಲಿದೂ ಬೆನ್ನು ಬಾಗಿಸಿಕೊಂಡಿದ್ದ ಅವರಿಗೆ ಜೀವನದಲ್ಲಿ ಇದ್ದದ್ದು ಒಂದೇ ಶೋಕಿ, ಈ ಹಳೆಯ ಹಾಯಿದೋಣಿ. ಅದರ ಹಾಯಿಯನ್ನು ಅವರೇ ಹೊಲಿದಿದ್ದರು. ಗಾಳಿ ತುಂಬಿಕೊಂಡು ಅದು ಬಿಗಿಯಾದಾಗ ಮಾಸ್ಟರರ ಎದೆಯೂ ಅಷ್ಟೇ ತುಂಬಿಕೊಳ್ಳುತ್ತಿತ್ತು. ಇನ್ನೊಂದು ಮಾತು ಅವರ ಕಸುಬಿನ ಸಿದ್ಧಾಂತದ್ದು. ಮನುಷ್ಯನ ದೇಹ ನಂಬಿಕೆಗೆ ಅರ್ಹವಲ್ಲ, ಇಂದಿದ್ದಂತೆ ನಾಳೆ ಇರುವುದಿಲ್ಲ, ಆದ್ದರಿಂದ ಏನೇ ಹೊಲಿದರೂ ಎರಡಿಂಚು ಲೂಸಿಟ್ಟು ಹೊಲಿಯತಕ್ಕದ್ದು ಎಂಬುದೇ ಆ ಸಿದ್ಧಾಂತ. ಅವರ ಗಿರಾಕಿಗಳೆಲ್ಲ ಅಣ್ಣನ ಕೋಟು ತೊಟ್ಟು ಬಂದವರ ಹಾಗೆ ಕಾಣುತ್ತಿದ್ದರು. ಯಾರಾದರೂ ದೂರು ಹೇಳಿದರೆ, "ದಪ್ಪ ಆದಾಗ ನನ್ನ ನೆನೆಸ್ಕೋತೀರಿ," ಎನ್ನುತ್ತಿದ್ದರು. (ಕೆಲವರು ದಪ್ಪವಾದರು, ನೆನೆಸಿಕೊಂಡರು. ಉಳಿದವರು ಬೇರೆ ಟೈಲರನ್ನು ಹುಡುಕಿಕೊಂಡರು.)

ಮನೆಯ ಮುಂದಿನ ಕೋಣೆಯೇ ಅಂಗಡಿ. ಮಾಸ್ಟರರು ಬುಸುಗುಟ್ಟುತ್ತ ಒಳಗೆ ಬಂದಾಗ ಹೆಂಡತಿ ಕಿಟಕಿಯ ಪಕ್ಕ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದರು. ಸೀಸದ ಮುದ್ರೆಯಿಂದ ಹಿಡಿದು ತಿಮಿಂಗಿಲದವರೆಗೆ ಎಲ್ಲವನ್ನೂ ಕೇಳಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, "ಈಗೇನು ಮಾಡ್ತೀರಿ?" ಎಂದರು.

"ಮಾಡೋದೇನು? ಒಂದು ಬಕೆಟ್ ಇಟ್ರೆ ಸಾಕು. ನಮ್ಮ ಹಿರಿಯರು ಟ್ಯಾಂಕ್ ಕಟ್ಕೊಂಡು ಓಡಾಡ್ತಿದ್ರಾ?"

"ಬಕೆಟ್ಟು," ಎಂದರು ಹೆಂಡತಿ. ಅದರಲ್ಲಿ ಪ್ರಶ್ನೆಯೂ ಇರಲಿಲ್ಲ, ಉತ್ತರವೂ ಇರಲಿಲ್ಲ.

"ಗಟ್ಟಿ ಬಕೆಟ್ಟು ಕಣೆ. ಹಿಡಿಕೆ ಇರೋದು."

"ಮುಂದಿನ ತಿಂಗಳು ನಮ್ಮಮ್ಮ ಬರ್ತಿದಾರೆ. ಅಳಿಯನ ದೋಣೀಲಿ ಒಂದು ಸಲ ಕೂತ್ಕೋಬೇಕು ಅಂತ ಎಷ್ಟು ವರ್ಷದಿಂದ ಆಸೆ ಇಟ್ಕೊಂಡಿದಾರೆ. ಇಡೀ ದಿನದ ಪ್ರಯಾಣ. ನಡು ಸಮುದ್ರದಲ್ಲಿ ಅವರ ಕೈಗೆ ಬಕೆಟ್ ಕೊಡ್ತೀರಾ? ಕೊಡೋವಾಗ ಏನಂತ ಹೇಳಿ ಕೊಡ್ತೀರಿ, ಅದನ್ನಾದ್ರೂ ಹೇಳಿ."

ಮಾಸ್ಟರರು ಮನಸ್ಸಿನಲ್ಲೇ ಆ ದೃಶ್ಯವನ್ನು ಕಲ್ಪಿಸಿಕೊಂಡು, ಅತ್ತೆಗೆ ಬಕೆಟ್ ಕೊಡುವಾಗ ಹೇಳಬಹುದಾದ ವಾಕ್ಯವೊಂದನ್ನು ಹುಡುಕಿದರು. ಯಾವ ಭಾಷೆಯಲ್ಲೂ ಅಂಥ ವಾಕ್ಯ ಇದ್ದಂತೆ ಕಾಣಲಿಲ್ಲ.

"ನೋಡಿ," ಎಂದರು ಹೆಂಡತಿ, ಸೂಜಿಗೆ ಮತ್ತೆ ದಾರ ಪೋಣಿಸುತ್ತ. "ಎದುರುಮನೆ ಹಲ್ಲಿನ ಡಾಕ್ಟರು ದೋಣಿ ಮಾರ್ತೀರಾ ಅಂತ ಮೊನ್ನೇನೂ ಕೇಳಿದ್ರು. ಅಮ್ಮ ಬರೋ ಹೊತ್ತಿಗೆ ದೋಣೀಲಿ ಮರ್ಯಾದೆಯಾಗಿ ಹೋಗಿಬರೋಕೊಂದು ಜಾಗ ಇದ್ರೆ ಸರಿ. ಇಲ್ದಿದ್ರೆ ಡಾಕ್ಟರಿಗೆ ಹೂಂ ಅಂದುಬಿಡ್ತೀನಿ."

ದೋಣಿ ಕೊಂಡರೆ ಹಾಯಿ ಕಿತ್ತೆಸೆದು ಮೋಟರು ಕೂರಿಸುತ್ತೇನೆ ಎಂದು ಆ ಡಾಕ್ಟರು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹಲ್ಲು ಕೀಳುವವನಿಗೆ ಹಾಯಿಯ ಬೆಲೆ ಏನು ಗೊತ್ತು? ಮರುದಿನ ಬೆಳಿಗ್ಗೆಯೇ ಮಾಸ್ಟರರು ದೋಣಿ ಸಾಮಾನಿನ ಅಂಗಡಿಯಲ್ಲಿ ಹಾಜರಿದ್ದರು.

ಅಂಗಡಿಯವನ ಮೊದಲ ಪ್ರಶ್ನೆಗೇ ಅವರ ಪಿತ್ತ ನೆತ್ತಿಗೇರಿತು. "ಎಷ್ಟು ಜನ ಸಾರ್? ಒಬ್ಬೊಬ್ಬರು ದಿನಕ್ಕೆ ಎಷ್ಟು ಸಲ?"

ಆಯುಷ್ಯವೆಲ್ಲ ಜನರ ಸೊಂಟದ ಸುತ್ತಳತೆ ತೆಗೆದವರು ಮಾಸ್ಟರರು. ದೊಡ್ಡ ದೊಡ್ಡವರ ಹೊಟ್ಟೆಗಳು ಅವರ ಟೇಪಿನ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದವು. ಅವರು ಯಾರಿಗೂ ಇಂಥ ಪ್ರಶ್ನೆ ಕೇಳಿದವರಲ್ಲ. ಹೆಂಡತಿಯ ತಾಯಿಯ ಬಗ್ಗೆ ಅಂಕಿಅಂಶ ಒದಗಿಸುವುದಂತೂ ಈ ಜನ್ಮದಲ್ಲಿ ಸಾಧ್ಯವಿರಲಿಲ್ಲ. "ಮರ್ಯಾದಸ್ಥರು, ಬೇಕಾದಷ್ಟು ಸಲ," ಎಂದು ಮುಖ ಆ ಕಡೆ ತಿರುಗಿಸಿದರು.

ಅಂಗಡಿಯವನು ಸ್ಟೀಲಿನ ಟ್ಯಾಂಕು ತೋರಿಸಿದ. ಫಳಫಳ ಹೊಳೆಯುತ್ತಿತ್ತು, ಆದರೆ ಬರಬರುತ್ತ ಅದನ್ನು ಒಳಗಿನಿಂದ ತಿನ್ನುತ್ತದಂತೆ. "ಏನು ತಿನ್ನುತ್ತೆ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡ ಮೇಲೆ ಮಾಸ್ಟರರು ಅದರಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಮೂಲೆಯಲ್ಲಿ ರಬ್ಬರಿನ ಚೀಲಗಳು ನೇತಾಡುತ್ತಿದ್ದವು. ಚಿಕ್ಕದು, ನಡುವಿನದು, ದೊಡ್ಡದು. ರೆಡಿಮೇಡ್ ಎಂದು ಗೊತ್ತಾದ ಕೂಡಲೇ ಮಾಸ್ಟರರು ಆ ಕಡೆ ನೋಡುವುದನ್ನೇ ಬಿಟ್ಟರು. ಕೊನೆಗೆ ಉಳಿದದ್ದು ದಪ್ಪ ಪ್ಲಾಸ್ಟಿಕ್ಕಿನದು. ಅಳತೆ ಕೊಟ್ಟರೆ ಹಾಗೆಯೇ ಮಾಡಿಸಿಕೊಡುತ್ತಾರೆ ಎಂದಾಗ ಅವರ ಮುಖ ಅರಳಿತು. ಅಳತೆ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಕೈ ಕೊರಳಿನ ಟೇಪಿಗೆ ಹೋಯಿತು.

ದೋಣಿಯ ಕೋಣೆಯಲ್ಲಿ ಮಲಗಲು ಒಂದು ಹಲಗೆ ಇತ್ತು. ಅದನ್ನು ಎತ್ತಿದರೆ ಕೆಳಗೆ ಪೆಟ್ಟಿಗೆಯಂಥ ಖಾಲಿ ಜಾಗ. ಟ್ಯಾಂಕು ಅಲ್ಲಿ ಕೂರಬೇಕು. ಮಾಸ್ಟರರು ಮೊಣಕಾಲೂರಿ, ಮದುವೆ ಗಂಡಿನ ಅಳತೆ ತೆಗೆಯುವ ಶ್ರದ್ಧೆಯಿಂದ ಉದ್ದ, ಅಗಲ, ಎತ್ತರ ತೆಗೆದರು. ತಪ್ಪೇ ಇಲ್ಲದ ಅಳತೆ. ಆಮೇಲೆ ಪೆನ್ಸಿಲನ್ನು ಕಿವಿಯಿಂದ ತೆಗೆದು, ಯಾವ ಯೋಚನೆಯನ್ನೂ ಮಾಡದೆ, ಉಸಿರಾಡುವಷ್ಟು ಸಹಜವಾಗಿ, ಮೂರಕ್ಕೂ ಎರಡೆರಡು ಇಂಚು ಸೇರಿಸಿ ಬರೆದುಕೊಟ್ಟರು.

ಟ್ಯಾಂಕು ಬಂತು. ಹಲಗೆಯ ಕೆಳಗೆ ಅದು ಉದ್ದಕ್ಕೂ ಹೋಗಲಿಲ್ಲ, ಅಡ್ಡಕ್ಕೂ ಹೋಗಲಿಲ್ಲ, ಮಾಸ್ಟರರು ಅದರ ಮೇಲೆ ಹತ್ತಿ ಕುಣಿದಾಗಲೂ ಹೋಗಲಿಲ್ಲ. ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ನೋಡುತ್ತಿದ್ದ ಹೆಂಡತಿಗೆ ಒಂದೇ ಏಟಿಗೆ ಎಲ್ಲ ಅರ್ಥವಾಯಿತು.

"ಲೂಸಿಟ್ರಾ?"

"ಅಭ್ಯಾಸಬಲ."

"ಕೋಟು ಮೈಯ ಹೊರಗಿರುತ್ತೆ, ಅದಕ್ಕೆ ಲೂಸು. ಇದು ಪೆಟ್ಟಿಗೆ ಒಳಗೆ ಹೋಗ್ಬೇಕಲ್ರೀ. ಈಗೇನು, ದೋಣಿಗೆ ಸೈಡ್ ಹೊಲಿಗೆ ಬಿಚ್ಚಿ ದೊಡ್ಡದು ಮಾಡ್ತೀರಾ?"

ಮಾಸ್ಟರರು ಟ್ಯಾಂಕನ್ನು ತಿರುಗಿ ಅಂಗಡಿಗೆ ಹೊತ್ತರು. ಅಂಗಡಿಯವನು ಗೋಡೆಯ ಕಡೆ ಬೆರಳು ತೋರಿಸಿದ. "ಅಳತೆ ಕೊಟ್ಟು ಮಾಡಿಸಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ." ಇಂಥ ದಗಲ್ಬಾಜಿ ಬೋರ್ಡನ್ನು ತಾವೆಲ್ಲೂ ನೋಡಿಲ್ಲ ಎಂದು ಮಾಸ್ಟರರು ಕೂಗಾಡಿದರು. (ಅದೇ ಬೋರ್ಡು, ಅಕ್ಷರಶಃ ಅದೇ, ಅವರ ಹೊಲಿಗೆ ಯಂತ್ರದ ಮೇಲೆಯೇ ನೇತಾಡುತ್ತಿತ್ತು.) ಹೀಗಾಗಿ ಟ್ಯಾಂಕು ಮನೆಯ ಮುಂದಿನ ಕೋಣೆಗೆ ಬಂದು ಸ್ಥಿರವಾಗಿ ಕೂತಿತು. ಗಿರಾಕಿಗಳು, "ಇದೇನು ಮಾಸ್ಟರೇ?" ಎಂದು ಕೇಳಿದರೆ, "ಫರ್ನಿಚರು," ಎನ್ನುತ್ತಿದ್ದರು. ಹೆಂಡತಿ ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಜೋಡಿಸಿಡಲು ಶುರುಮಾಡಿದರು.

ಅತ್ತೆ ಬರುವ ದಿನ ಹತ್ತಿರವಾಗುತ್ತಿತ್ತು. ಹಲ್ಲಿನ ಡಾಕ್ಟರು ಬೇಕೆಂದೇ ದಕ್ಕೆಯ ಕಡೆ ವಾಕಿಂಗ್ ಬಂದು ದೋಣಿಯನ್ನು ಹಿಂದಿನಿಂದ ಮುಂದಿನಿಂದ ನೋಡಿಹೋಗುತ್ತಿದ್ದ. ಗಟ್ಟಿ ಟ್ಯಾಂಕು ಇನ್ನೊಂದು ಮಾಡಿಸಲು ಸಮಯವಿರಲಿಲ್ಲ.

"ಆ ರಬ್ಬರ್ ಚೀಲಾನೇ ತಂದುಬಿಡಿ," ಎಂದರು ಹೆಂಡತಿ.

"ರೆಡಿಮೇಡಾ? ನನ್ನ ದೋಣಿಗೆ? ನಾನು ಬದುಕಿರೋವಾಗ?" ಎಂದರು ಮಾಸ್ಟರರು. ಊರಿನ ಅರ್ಧ ಗಿರಾಕಿಗಳನ್ನು ನುಂಗಿ ನೀರು ಕುಡಿದದ್ದು ಆ ರೆಡಿಮೇಡ್ ಅಂಗಡಿಗಳೇ. "ನನ್ನ ಕೈ ಎಲ್ಲಿ ಹೋಗಿದೆ? ಚೀಲ ತಾನೇ, ನಾನೇ ಮಾಡ್ತೀನಿ."

ಅದನ್ನು ಅವರು ಮಾಡಿದ ರೀತಿಯನ್ನು ಮಾತ್ರ ಮೆಚ್ಚಲೇಬೇಕು. ರಬ್ಬರು ಲೇಪಿಸಿದ ದಪ್ಪ ಬಟ್ಟೆ ತಂದರು. ಸೂಜಿ ತಾಗಿಸಿದರೆ ತೂತಾಗುತ್ತದೆಂದು ಅಂಚಿಗೆ ಅಂಚು ಗೋಂದು ಹಚ್ಚಿ, ಮಡಿಸಿ, ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿ ಒತ್ತಿ ಬೆಸೆದರು. (ಇಸ್ತ್ರಿ ಪೆಟ್ಟಿಗೆ ಅಲ್ಲಿಗೆ ಮುಗಿಯಿತು. ಅದರ ಬಗ್ಗೆ ಹೆಂಡತಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.) ನೀರು ತುಂಬಿಸಿ ಬಚ್ಚಲಲ್ಲಿಟ್ಟರೆ ಒಂದು ಹನಿಯೂ ಜಿನುಗಲಿಲ್ಲ, ಮೂಗಿಟ್ಟು ನೋಡಿದರೆ ರಬ್ಬರಿನ ವಾಸನೆ ಬಿಟ್ಟು ಬೇರೆ ವಾಸನೆಯಿಲ್ಲ. ಅಳತೆಯಲ್ಲಿ ಮಾತ್ರ ಮಾಸ್ಟರರು ತಮ್ಮ ಧರ್ಮ ಬಿಡಲಿಲ್ಲ. ಬಟ್ಟೆ ಮಡಚಿಕೊಂಡು ಪೆಟ್ಟಿಗೆಯೊಳಗೆ ಇಳಿಯುತ್ತದೆ, ಹೊಟ್ಟೆ ತುಂಬಿದಾಗ ಜಾಗ ಬೇಡವೇ ಎಂದು ಈ ಸಲ ಬೇಕೆಂದೇ ಎರಡಿಂಚು ಲೂಸಿಟ್ಟರು.

ಕೊಳವೆ ತರಲು ಹೋದಾಗ ಅಂಗಡಿಯವನು ಇನ್ನೊಂದು ಸಾಮಾನು ಮುಂದಿಟ್ಟ. "ಇದೊಂದು ವಾಲ್ವ್ ಹಾಕ್ಸಿ ಸಾರ್. ನಿಮ್ಮ ಕಕ್ಕಸಿನ ಕೈಪಂಪಿನ ಒಳಗಿನ ರಬ್ಬರು ಹಳೇದು, ಸವೆದಿರುತ್ತೆ. ಇದಿದ್ರೆ ಹೋಗಿದ್ದು ವಾಪಸ್ ಬರಲ್ಲ."

"ನಾನು ಮಾಡಿದ್ದು ಯಾವತ್ತೂ ವಾಪಸ್ ಬಂದಿಲ್ಲ," ಎಂದರು ಮಾಸ್ಟರರು ಬಿಗುಮಾನದಿಂದ. ಬೋರ್ಡಿನ ಸಿಟ್ಟು ಅವರಿಗಿನ್ನೂ ಇಳಿದಿರಲಿಲ್ಲ.

ಚೀಲ ಹಲಗೆಯ ಕೆಳಗೆ ಇಳಿಯಿತು. ಕಕ್ಕಸಿನ ಕೈಪಂಪನ್ನು ಒತ್ತಿದರೆ ಎಲ್ಲವೂ ಕೊಳವೆಯಲ್ಲಿ ಹರಿದು ಚೀಲ ಸೇರುತ್ತಿತ್ತು. ಬೇಕಾದಷ್ಟು ನೀರು ಒತ್ತಿ ಮಾಸ್ಟರರು ಪರೀಕ್ಷೆ ಮಾಡಿದರು. ಚೀಲ ಉಬ್ಬಿ, ಮೇಲಿದ್ದ ಹಲಗೆ ತನ್ನ ಅಂಚಿನಿಂದ ಎರಡಿಂಚು ಮೇಲೆದ್ದು ಚೀಲದ ಮೇಲೆಯೇ ತೇಲಿತು. ಕೈಯಿಂದ ಅದುಮಿದರೆ ಮೆತ್ತಗೆ ತಗ್ಗಿ ಮತ್ತೆ ಏಳುತ್ತಿತ್ತು. ಮಾಸ್ಟರರಿಗೆ ಅದನ್ನು ಕಂಡು ಪರಮಾನಂದವಾಯಿತು. ಆ ನೀರನ್ನು ಹಾಗೆಯೇ ಬಿಟ್ಟು, ಹಲಗೆಗೆ ಹಾಸಿಗೆ ಹಾಸಿ, ನೀಟಾಗಿ ಹೊದಿಕೆ ಮುಚ್ಚಿದರು. ಇನ್‌ಸ್ಪೆಕ್ಟರ್ ಬಂದು ನೋಡಿ, ತಲೆಯಾಡಿಸಿ, ಒಪ್ಪಿಗೆ ಚೀಟಿ ಅಂಟಿಸಿ ಹೋದ.

ಅತ್ತೆ ಬಂದರು. ಗತ್ತಿನ ಹೆಂಗಸು, ಸ್ವಲ್ಪ ಗಾತ್ರದ ಹೆಂಗಸು ಕೂಡ. ಸೊಂಟನೋವಿನಿಂದಾಗಿ ಸರಿಯಾಗಿ ನಿದ್ದೆ ಮಾಡಿ ವರ್ಷಗಳೇ ಆಗಿದ್ದವು. ಹತ್ತಿ, ನಾರು, ಸ್ಪಂಜು ಎಂದು ಲೋಕದಲ್ಲಿರುವ ಹಾಸಿಗೆಗಳನ್ನೆಲ್ಲ ಬದಲಾಯಿಸಿ ಸೋತಿದ್ದರು. ಮಾಸ್ಟರರು ಅವತ್ತಿಗೆಂದೇ ಹೊಲಿದುಕೊಂಡ ಬಿಳಿ ಪ್ಯಾಂಟು ತೊಟ್ಟು, ಕೈಹಿಡಿದು ಅವರನ್ನು ದೋಣಿಗೆ ಹತ್ತಿಸಿದರು. ಅತ್ತೆ ಹೋಗಿಬರುವ ಜಾಗವನ್ನು ಪರಿಶೀಲಿಸಿ, ಉಪಯೋಗಿಸಿ, ಹೊರಗೆ ಬಂದು ಮೆಚ್ಚುಗೆಯಿಂದ ಕೇಳಿದರು.

"ಬಹಳ ಚೊಕ್ಕಟವಾಗಿದೆ ಅಳಿಯಂದಿರೇ. ಅದೆಲ್ಲ ಎಲ್ಲಿಗೆ ಹೋಗುತ್ತೆ?"

"ಒಂದು ಸುರಕ್ಷಿತವಾದ ಜಾಗಕ್ಕೆ, ಅತ್ತೆ," ಎಂದರು ಮಾಸ್ಟರರು. ಹೆಂಡತಿ ಸಮುದ್ರದ ಕಡೆ ಮುಖ ಮಾಡಿಕೊಂಡರು.

ಗಾಳಿ ಚೆನ್ನಾಗಿತ್ತು. ಹಾಯಿ ತುಂಬಿಕೊಂಡಿತು, ದಕ್ಕೆಯ ಮೇಲೆ ವಾಕಿಂಗ್ ಮಾಡುತ್ತಿದ್ದ ಡಾಕ್ಟರು ಸಣ್ಣಗಾಗುತ್ತ ಆಗುತ್ತ ಮಾಯವಾದ. ಊಟವಾದ ಮೇಲೆ ಅತ್ತೆ, "ಸ್ವಲ್ಪ ಅಡ್ಡಾಗ್ತೀನಿ," ಎಂದು ಕೆಳಗಿಳಿದು ಆ ಹಲಗೆಯ ಮೇಲೆ ಮೈಚೆಲ್ಲಿದರು. ಎಂಥ ಸುಖವಿತ್ತೋ ಅದರಲ್ಲಿ, ಒಂದು ನಿಟ್ಟುಸಿರು ಬಿಟ್ಟವರೇ ಗೊರಕೆ ಶುರುಮಾಡಿದರು.

ಮಾಸ್ಟರರು ಬೆಳಗಿನಿಂದಲೂ ತಡೆದುಕೊಂಡೇ ಇದ್ದರು. ಕಕ್ಕಸಿಗೂ ಅತ್ತೆಗೂ ನಡುವೆ ಇದ್ದದ್ದು ಬೆರಳು ದಪ್ಪದ ಒಂದು ಹಲಗೆಗೋಡೆ. ಅತ್ತೆ ಎಚ್ಚರವಿರುವಾಗ ಅಳಿಯನಾದವನು ಆ ಬಾಗಿಲು ತೆರೆಯುವುದುಂಟೇ? ಗೊರಕೆ ಹದಕ್ಕೆ ಬಂದ ಮೇಲೆ ಹೆಂಡತಿಯ ಕೈಗೆ ಚುಕ್ಕಾಣಿ ಕೊಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಕೆಲಸ ಮುಗಿಯಿತು. ಪಂಪು ಒತ್ತಿದರು, ಹೋಯಿತು. ಅಷ್ಟರಲ್ಲಿ ಗೋಡೆಯಾಚೆ ಅತ್ತೆ ಒಂದು ದೀರ್ಘವಾದ ಉಸಿರು ಬಿಟ್ಟರು, ಕೊಳವೆಯಲ್ಲಿ ಗುಳುಗುಳು ಸದ್ದಾಯಿತು, ಹೋದದ್ದೆಲ್ಲ ಬಂತು. ಒಬ್ಬಂಟಿಯಾಗಿ ಬರಲಿಲ್ಲ, ಹಿಂದೆ ಹೋಗಿದ್ದ ಬಂಧುಬಳಗವನ್ನೂ ಕರೆದುಕೊಂಡು ಬಂತು.

ಮಾಸ್ಟರರು ಬೆಚ್ಚಿ ಮತ್ತೆ ಜೋರಾಗಿ ಒತ್ತಿದರು. ಗೋಡೆಯಾಚೆ ಹಲಗೆ ಅತ್ತೆಯನ್ನು ಹೊತ್ತುಕೊಂಡು ಎರಡು ಬೆರಳು ಮೇಲೇರಿತು. ಅತ್ತೆ ಉಸಿರು ಬಿಟ್ಟರು, ಹಲಗೆ ಕೆಳಗಿಳಿಯಿತು, ಇಲ್ಲಿ ನೀರು ಏರಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬುದು ಗಾದೆಯಷ್ಟೇ ಅಲ್ಲ ಎಂದು ಮಾಸ್ಟರರಿಗೆ ಅವತ್ತು ಮನವರಿಕೆಯಾಯಿತು. ಕೈ ಬಿಟ್ಟರೆ ಪ್ರಳಯ. ಬಿಡದಿದ್ದರೆ ಅತ್ತೆಯನ್ನು ದಡ ಮುಟ್ಟುವವರೆಗೂ ಹೀಗೆ ಎತ್ತುತ್ತಲೇ ಇರಬೇಕು.

"ಏನ್ರೀ ಅದು, ಕಟಕಟ ಸದ್ದು?" ಮೇಲಿನಿಂದ ಹೆಂಡತಿ ಕೇಳಿದರು.

"ನಿಮ್ಮಮ್ಮನ್ನ ಎಬ್ಬಿಸೇ," ಎಂದು ಮಾಸ್ಟರರು ಬಾಗಿಲ ಸಂದಿನಿಂದ ಪಿಸುಗುಟ್ಟಿದರು.

"ಯಾಕೆ? ಪಾಪ, ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದಾರೆ. ಅವರು ಹೀಗೆ ಮಲಗಿದ್ದು ನಾನು ನೋಡಿ ಎಷ್ಟು ವರ್ಷ ಆಯ್ತು."

"ಅವರು ಮಲಗಿರೋದು ಟ್ಯಾಂಕಿನ ಮೇಲೆ ಕಣೆ. ಎಲ್ಲಾ ಈ ಕಡೆ ಬರ್ತಿದೆ."

ಮೇಲೆ ಹೆಂಡತಿ ಯೋಚನೆ ಮಾಡುತ್ತಿದ್ದರು, ಅಥವಾ ನಗುತ್ತಿದ್ದರು.

"ಎಬ್ಬಿಸಿ ಏನಂತ ಹೇಳ್ಲಿ? ನೀನು ಮಲಗಿರೋದು ಇಂಥದ್ದರ ಮೇಲೆ ಅಂತ ಹೇಳ್ಲಾ? ನೀವೇ ಹೇಗಾದ್ರೂ ಸಂಭಾಳಿಸ್ಕೊಳ್ಳಿ. ಇದಕ್ಕೇ ಹೇಳೋದು, ಮಾಡಿದ್ದುಣ್ಣೋ ಮಹರಾಯ ಅಂತ."

"ಆ ಗಾದೆ ಇಲ್ಲಿ ಹೇಳ್ಬೇಡ," ಎಂದು ಮಾಸ್ಟರರು ಹಲ್ಲು ಕಡಿದರು.

ಒಂದು ದೊಡ್ಡ ಅಲೆ ಬಂತು. ದೋಣಿ ವಾಲಿತು. ಅತ್ತೆ ನಿದ್ದೆಗಣ್ಣಿನಲ್ಲಿ, "ತೊಟ್ಟಿಲು ತೂಗಿದ ಹಾಗಿದೆ," ಎಂದು ಗೊಣಗುತ್ತ ಪೂರ್ತಿಯಾಗಿ ಗೋಡೆಯ ಕಡೆಗೆ ಹೊರಳಿಕೊಂಡರು. ಮುಂದೆ ಆದದ್ದನ್ನು ವಿವರವಾಗಿ ಹೇಳುವ ಅಗತ್ಯವಿಲ್ಲ. ಬಿಳಿ ಪ್ಯಾಂಟು ಎರಡಿಂಚು ಲೂಸಾಗಿತ್ತು, ಹಿಡಿಯುವಷ್ಟನ್ನೂ ಹಿಡಿಯಿತು ಎಂದರೆ ಸಾಕು.

ಅತ್ತೆಗೆ ಎಚ್ಚರವಾದಾಗ ಅಳಿಯಂದಿರು ಸಮುದ್ರದ ನೀರು ಮೈಮೇಲೆ ಸುರಿದುಕೊಂಡು, ಹಳೆಯ ಹಾಯಿಯ ತುಂಡೊಂದನ್ನು ಸೊಂಟಕ್ಕೆ ಸುತ್ತಿಕೊಂಡು, ಕಕ್ಕಸಿನ ನೆಲ ಉಜ್ಜಿ ಮುಗಿಸಿ ನಿಂತಿದ್ದರು. ಅವರ ವೇಷ ಅತ್ತೆಯ ಗಮನಕ್ಕೇ ಬರಲಿಲ್ಲ. ಅವರ ಕಣ್ಣು ತುಂಬಿಕೊಂಡಿತ್ತು.

"ಅಳಿಯಂದಿರೇ, ದುಡಿದದ್ದೆಲ್ಲ ದೋಣಿಗೆ ಹಾಕ್ತಾರೆ ಅಂತ ನಾನು ನಿಮ್ಮನ್ನ ಮನಸ್ಸಲ್ಲೇ ಎಷ್ಟು ಬೈಕೊಂಡಿದ್ದೆ. ನೀವು ನೋಡಿದ್ರೆ ನನ್ನ ಸೊಂಟಕ್ಕೆ ಅಂತ ನೀರಿನ ಹಾಸಿಗೆ ಮಾಡಿಟ್ಟಿದೀರಿ. ಕೈ ಇಟ್ಟ ತಕ್ಷಣ ಗೊತ್ತಾಯ್ತು, ಇದು ರೆಡಿಮೇಡ್ ಅಲ್ಲ, ನಿಮ್ಮ ಕೈಕೆಲಸ ಅಂತ."

ಮಾಸ್ಟರರು ಬಾಯಿ ತೆರೆದರು. ಅತ್ತೆಯ ಹೆಗಲ ಹಿಂದಿನಿಂದ ಹೆಂಡತಿ ನೋಡಿದ ನೋಟಕ್ಕೆ ಆ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಬಿಸಿತುಪ್ಪ, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ.

"ಈ ದೋಣಿ ಮಾತ್ರ ಯಾವತ್ತೂ ಮಾರ್ಬೇಡ ಕಣೇ," ಎಂದು ಅತ್ತೆ ಮಗಳಿಗೆ ಹೇಳಿದರು. "ನಾನು ಇಲ್ಲೇ ಇದ್ದುಬಿಡ್ತೀನಿ. ವಾರವಾರ ಬಂದು ಇದರ ಮೇಲೆ ಮಲಗ್ತೀನಿ."

ದೋಣಿ ಉಳಿಯಿತು. ಆ ಸಂಜೆ ಡಾಕ್ಟರಿಗೆ ಹೆಂಡತಿಯೇ ಬಾಗಿಲಲ್ಲಿ ನಿಂತು ಇಲ್ಲ ಎಂದರು. ಮಾಸ್ಟರರು ಮಾತ್ರ ಖುಷಿಪಡುವ ಬದಲು ಅಡುಗೆಮನೆಯಲ್ಲಿ ಕೆಂಡ ಕಾರುತ್ತಿದ್ದರು.

"ನಾಳೇನೇ ಆ ಚೀಲದಲ್ಲಿ ಎರಡಿಂಚು ಕತ್ತರಿಸಿ ಬಿಸಾಕ್ತೀನಿ. ಹಲಗೆ ತನ್ನ ಜಾಗದಲ್ಲಿ ಕೂತ್ಕೊಳ್ಳುತ್ತೆ."

"ಆಗ ಹಾಸಿಗೆ ಎಲ್ಲಿ ಮೆತ್ತಗಿರುತ್ತೆ? ಅಮ್ಮ ಆಗಲೇ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಯಾಯ್ತು."

"ಹಾಗಾದ್ರೆ ಆ ವಾಲ್ವ್ ಹಾಕಿಸ್ತೀನಿ."

"ಅಂಗಡಿಯವನನ್ನ ಕೇಳ್ಕೊಂಡು ಬಂದೆ. ವಾಲ್ವ್ ಇದ್ರೆ ವಾಪಸ್ ಬರಲ್ಲ, ಆದ್ರೆ ಮೇಲೆ ಯಾರಾದ್ರೂ ಮಲಗಿದ್ರೆ ಆ ಭಾರಕ್ಕೆ ವಾಲ್ವೇ ಬಾಯಿ ಬಿಡಲ್ಲ, ಒಳಗೂ ಹೋಗಲ್ವಂತೆ."

"ಸರಿ, ಬೇಕಾದಾಗ ಅವರನ್ನ ಎಬ್ಬಿಸೋದು. ಅಷ್ಟೇ ತಾನೇ?"

"ಎಬ್ಬಿಸೋಣ. ನನಗೆ ಬೇಕಾದಾಗ ನಾನು ಎಬ್ಬಿಸ್ತೀನಿ, ನಾನು ಮಗಳು. ಅಳಿಯನಾದವರು ಇಂಥ ಕೆಲಸಕ್ಕೆ ಅತ್ತೇನ ಎಬ್ಬಿಸೋದು ಚೆನ್ನಾಗಿರುತ್ತಾ? ಏನಂತ ಹೇಳಿ ಎಬ್ಬಿಸ್ತೀರಿ, ಅದನ್ನಾದ್ರೂ ಹೇಳಿ."

ಮಾಸ್ಟರರು ಯೋಚಿಸಿದರು. ಅಂಥ ವಾಕ್ಯವೂ ಯಾವ ಭಾಷೆಯಲ್ಲೂ ಇರಲಿಲ್ಲ.

"ಮತ್ತೆ ನಾನೇನು ಮಾಡ್ಲಿ?"

ಹೆಂಡತಿ ಬಚ್ಚಲಿಗೆ ಹೋಗಿ ಅದನ್ನು ತಂದು ಅವರ ಮುಂದಿಟ್ಟರು. ಗಟ್ಟಿ ಬಕೆಟ್ಟು, ಹಿಡಿಕೆ ಇರುವಂಥದ್ದು. ಜೊತೆಗೆ ಅಂಗಡಿಯಿಂದ ತಂದ ಹೊಸದೊಂದು ಮುಚ್ಚಳವೂ ಇತ್ತು. ಬಂದರಿನ ನೀರಿಗೆ ಸುರಿಯುವಂತಿಲ್ಲ, ದಡಕ್ಕೆ ಹೊತ್ತು ತಂದೇ ಖಾಲಿ ಮಾಡಬೇಕು ಎಂದು ಇನ್‌ಸ್ಪೆಕ್ಟರನ್ನೂ ಕೇಳಿಕೊಂಡು ಬಂದಿದ್ದರು.

ಈಗ ವಾರಕ್ಕೊಮ್ಮೆ, ದೋಣಿ ದಡ ಸೇರಿದ ಮೇಲೆ, ಮಾಸ್ಟರರು ಮುಚ್ಚಿದ ಬಕೆಟ್ ಹಿಡಿದು ದಕ್ಕೆಯ ಉದ್ದಕ್ಕೂ ನಡೆದು ಬರುತ್ತಾರೆ. ಇನ್‌ಸ್ಪೆಕ್ಟರ್ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ. ಮಾಸ್ಟರರು ಯಾರ ಮುಖವನ್ನೂ ನೋಡುವುದಿಲ್ಲ. ಅಂಗಡಿಯ ಮುಚ್ಚಳ ಅಳತೆಗೆ ಸರಿಯಾಗಿ ಬಿಗಿಯಾಗಿ ಕೂರುತ್ತಿತ್ತು, ಆದರೆ ರೆಡಿಮೇಡ್ ಎಂದು ಅವರು ಅದನ್ನು ಎಸೆದು, ರಬ್ಬರು ಬಟ್ಟೆಯಲ್ಲಿ ತಾವೇ ಒಂದು ಮುಸುಕು ಮಾಡಿ ಹಾಕಿದ್ದಾರೆ. ಅದು ಎರಡಿಂಚು ಲೂಸಿದೆ. ಗಾಳಿ ಜೋರಾಗಿದ್ದ ದಿನ ದಕ್ಕೆಯ ಮೇಲಿನವರೆಲ್ಲ ಅವರಿಗೆ ಬಹಳ ದೂರದಿಂದಲೇ ದಾರಿ ಬಿಡುತ್ತಾರೆ.